ಸರ್ವರ್ ಹಿಂದಿನ ಕೇಬಲ್‌ಗಳು: ಇನ್ನೊಂದು ತುದಿ ಎಲ್ಲಿಗೆ ಹೋಗಿದೆ?

ಪ್ರಶ್ನೆ: ಸರ್, ನಾನು ಒಂದು ಪದವಿ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಒಂದು ಸೆಕೆಂಡ್ ಹ್ಯಾಂಡ್ ಡೆಲ್ ಪವರ್‌ಎಡ್ಜ್ ಆರ್740 ಸರ್ವರ್ ತರಿಸಿದ್ದೇವೆ. ಇದುವರೆಗೆ ನಾನು ಡೆಸ್ಕ್‌ಟಾಪ್ ಮಾತ್ರ ಮುಟ್ಟಿದವನು. ಸರ್ವರ್ ಹಿಂದೆ ಎರಡು ಪವರ್ ಸಪ್ಲೈ ಇವೆ, ಜೊತೆಗೆ ಬಂದದ್ದು ಒಂದೇ ಕೇಬಲ್. ಒಂದು ಸಾಕಾ? ಐಡ್ರ್ಯಾಕ್ ಎಂದು ಬರೆದಿರುವ ಲ್ಯಾನ್ ಪೋರ್ಟ್ ಬೇರೆ ಇದೆ, ಅದಕ್ಕೆ ಏನು ಹಾಕಬೇಕು? ಇನ್ನು ನಾಲ್ಕು ಪೋರ್ಟ್ ಇವೆ, ಅದರಲ್ಲಿ ಎರಡಕ್ಕೆ ಲ್ಯಾನ್ ಕೇಬಲ್ ಹೋಗುವುದೇ ಇಲ್ಲ. ನಮ್ಮಲ್ಲಿ ಇರುವುದು ಒಂದು ಯುಪಿಎಸ್, ಒಂದು ಸ್ವಿಚ್. ಯಾವುದನ್ನು ಮೊದಲು ಹಾಕಲಿ, ಎಲ್ಲಿಗೆ ಹಾಕಲಿ?

ಉತ್ತರ: ಒಂದೇ ಪವರ್ ಕೇಬಲ್ ಹಾಕಿದರೂ ನಿಮ್ಮ ಸರ್ವರ್ ಆನ್ ಆಗುತ್ತದೆ, ಕೆಲಸವನ್ನೂ ಮಾಡುತ್ತದೆ. ಆದರೂ ಎರಡನೆಯದನ್ನು ತರಿಸಿಕೊಳ್ಳಿ. ಏಕೆ ಅನ್ನುವುದನ್ನು ಹೇಳುತ್ತೇನೆ. ಅದರೊಳಗೇ ನಿಮ್ಮ ಉಳಿದ ಪ್ರಶ್ನೆಗಳಿಗೂ ಅರ್ಧ ಉತ್ತರ ಇದೆ.

ಸರ್ವರ್‌ಗೆ ಕೇಬಲ್ ಹಾಕುವಾಗ ಎಲ್ಲರ ಕಣ್ಣೂ ಸರ್ವರ್ ಬೆನ್ನಿನ ಮೇಲೇ ಇರುತ್ತದೆ. ಯಾವ ತೂತಿಗೆ ಯಾವ ಕೇಬಲ್ ಅಂತ. ಅದು ಸುಲಭದ ಭಾಗ. ತಪ್ಪು ಕೇಬಲ್ ತಪ್ಪು ತೂತಿಗೆ ಹೋಗುವುದು ಕಡಿಮೆ, ಆಕಾರವೇ ಬೇರೆ ಇರುತ್ತದೆ. ತಪ್ಪಾಗುವುದು ಕೇಬಲ್‌ನ ಆಚೆ ತುದಿಯಲ್ಲಿ. ಎರಡು ಪವರ್ ಸಪ್ಲೈಗೂ ಕೇಬಲ್ ಹಾಕಿ, ಎರಡನ್ನೂ ಒಂದೇ ಸ್ಪೈಕ್ ಗಾರ್ಡ್‌ಗೆ ಸಿಕ್ಕಿಸಿದ್ದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಒಂದೇ ಬಾವಿಗೆ ಎರಡು ಹಗ್ಗ ಬಿಟ್ಟ ಹಾಗೆ. ಹಗ್ಗ ಹರಿದರೆ ಇನ್ನೊಂದಿದೆ, ಸರಿ. ಬಾವಿ ಬತ್ತಿದರೆ? ಹಾಗಾಗಿ ಕೈಯಲ್ಲಿ ಯಾವ ಕೇಬಲ್ ಹಿಡಿದರೂ ಇನ್ನೊಂದು ತುದಿ ಎಲ್ಲಿಗೆ ಹೋಗುತ್ತದೆ, ಅಲ್ಲಿಂದ ಮುಂದೆ ಎಲ್ಲಿಗೆ ಅಂತ ಗೋಡೆಯವರೆಗೆ ಕೇಳಿಕೊಂಡು ಹೋಗಿ.

ಶುರು ಮಾಡುವ ಮೊದಲು ಎರಡು ಮಾತು. ಆರ್740 ಎರಡು ಯೂನಿಟ್ ಎತ್ತರದ ಸರ್ವರ್. ಒಂದು ಯೂನಿಟ್ ಅಂದರೆ 44.45 ಮಿಲಿಮೀಟರ್. ಎತ್ತರ ತೊಂದರೆ ಕೊಡುವುದಿಲ್ಲ, ಉದ್ದ ಕೊಡುತ್ತದೆ. ಇದು ಸುಮಾರು 70 ಸೆಂಟಿಮೀಟರ್ ಉದ್ದ. ಕಾಲೇಜುಗಳಲ್ಲಿ ಗೋಡೆಗೆ ನೇತುಹಾಕಿರುವ, ಸ್ವಿಚ್ ಇಡುವ ಸಣ್ಣ ರ್ಯಾಕ್‌ಗಳು ಸಾಮಾನ್ಯವಾಗಿ 60 ಸೆಂಟಿಮೀಟರ್ ಆಳ ದಾಟುವುದಿಲ್ಲ. ಅದರಲ್ಲಿ ಇದು ಕೂರುವುದಿಲ್ಲ. ಕೂರಿಸಲೂ ಬೇಡಿ, ಗೋಡೆ ಕಿತ್ತು ಬರುತ್ತದೆ. 1000 ಮಿಲಿಮೀಟರ್ ಆಳದ, ನೆಲದ ಮೇಲೆ ನಿಲ್ಲುವ ರ್ಯಾಕ್ ಬೇಕು. ಡಿಸ್ಕ್ ತುಂಬಿದ ಸರ್ವರ್ 25 ಕೆಜಿ ದಾಟುತ್ತದೆ. ಎತ್ತಲು ಇಬ್ಬರು ಇರಲಿ.

ಎರಡನೆಯದು ಅರ್ಥಿಂಗ್. ಹಳೆಯ ಕಟ್ಟಡದಲ್ಲಿ ಮೂರು ಪಿನ್ ಸಾಕೆಟ್ ಇರುತ್ತದೆ, ಹಿಂದೆ ಅರ್ಥ್ ವೈರೇ ಇರುವುದಿಲ್ಲ. ಡೆಸ್ಕ್‌ಟಾಪ್ ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಅನ್ನುತ್ತದಲ್ಲ, ಅದು ಇದರಿಂದಲೇ. ಪವರ್ ಸಪ್ಲೈ ಒಳಗಿನ ಫಿಲ್ಟರ್ ಸ್ವಲ್ಪ ಕರೆಂಟನ್ನು ಅರ್ಥ್‌ಗೆ ಬಿಡುತ್ತಿರುತ್ತದೆ. ಹೋಗಲು ದಾರಿ ಇಲ್ಲದಿದ್ದರೆ ಅದು ಲೋಹದ ಮೈಮೇಲೆ ನಿಲ್ಲುತ್ತದೆ. ಸರ್ವರ್‌ನಲ್ಲಿ ಎರಡು ಪವರ್ ಸಪ್ಲೈ ಇರುವುದರಿಂದ ಇದು ಇನ್ನೂ ಜಾಸ್ತಿ. ಮಲ್ಟಿಮೀಟರ್ ಹಿಡಿದು ಗೋಡೆ ಸಾಕೆಟ್‌ನಲ್ಲಿ ನೋಡಿ. ಫೇಸ್‌ಗೂ ನ್ಯೂಟ್ರಲ್‌ಗೂ 230 ವೋಲ್ಟ್ ಆಸುಪಾಸು, ಫೇಸ್‌ಗೂ ಅರ್ಥ್‌ಗೂ ಹೆಚ್ಚುಕಡಿಮೆ ಅಷ್ಟೇ ತೋರಿಸಬೇಕು. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ 2-3 ವೋಲ್ಟ್ ಒಳಗಿದ್ದರೆ ನಮ್ಮ ಕಡೆ ಯುಪಿಎಸ್ ಹಾಕುವವರು ತಲೆಯಾಡಿಸುತ್ತಾರೆ. 20-30 ತೋರಿಸಿದರೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ಸರ್ವರ್ ಡಬ್ಬದಲ್ಲೇ ಇರಲಿ. ಸಾಕೆಟ್‌ನೊಳಗೆ ಪ್ರೋಬ್ ಹಾಕಿ ಅಭ್ಯಾಸ ಇಲ್ಲದಿದ್ದರೆ ಈ ಅಳತೆಯನ್ನೂ ಅವರಿಂದಲೇ ಮಾಡಿಸಿ. ರ್ಯಾಕ್‌ನ ಮೈಗೂ ಹಸಿರು ವೈರ್ ಹೋಗಿ ಅರ್ಥ್ ಸೇರಬೇಕು.

ಈಗ ಪವರ್ ಕೇಬಲ್. ಆರ್740 ಅನ್ನು ಹಿಂದಿನಿಂದ ನೋಡಿದರೆ ಎರಡೂ ಪವರ್ ಸಪ್ಲೈ ಬಲಗಡೆ ಅಕ್ಕಪಕ್ಕ ಇವೆ. ಮೊದಲು ಎರಡರ ಮೇಲಿನ ಲೇಬಲ್ ಓದಿ. ಒಂದು 750 ವ್ಯಾಟ್, ಇನ್ನೊಂದು 1100 ವ್ಯಾಟ್ ಅಂತ ಇದ್ದರೆ ಅಂಗಡಿಯವರಿಗೆ ಫೋನ್ ಮಾಡಿ ಬದಲಾಯಿಸಿಕೊಳ್ಳಿ. ಎರಡೂ ಒಂದೇ ಥರದ್ದು, ಒಂದೇ ವ್ಯಾಟ್‌ನದ್ದು ಇರಬೇಕು. ಸೆಕೆಂಡ್ ಹ್ಯಾಂಡ್ ಮಾಲಿನಲ್ಲಿ ಕೈಗೆ ಸಿಕ್ಕಿದ್ದನ್ನು ತುರುಕಿ ಕಳಿಸುವುದು ಇದೆ.

ಈ ಪವರ್ ಸಪ್ಲೈಗೆ ಹೋಗುವ ಕೇಬಲ್‌ನ ತುದಿಗೆ ಸಿ13 ಅನ್ನುತ್ತಾರೆ. ನಿಮ್ಮ ಡೆಸ್ಕ್‌ಟಾಪ್‌ಗೆ ಹಾಕುವುದೂ ಅದೇ ಆಕಾರ. ಹಾಗಂತ ಲ್ಯಾಬಿನ ಮೂಲೆಯಲ್ಲಿ ಬಿದ್ದಿರುವ ಯಾವುದೋ ಹಳೆಯ ಕೇಬಲ್ ಎತ್ತಿಕೊಳ್ಳಬೇಡಿ. ಕೇಬಲ್‌ನ ಮೈಮೇಲೆ ಅಚ್ಚಾಗಿರುವುದನ್ನು ಓದಿ. 3 × 0.75 ಅಥವಾ 3 × 1.0 ಅಂತ ಇದ್ದರೆ ಸರಿ. ಅದು ಒಳಗಿನ ತಂತಿಯ ದಪ್ಪ, ಚದರ ಮಿಲಿಮೀಟರ್ ಲೆಕ್ಕದಲ್ಲಿ. ಏನೂ ಬರೆದಿಲ್ಲದ, ಕೈಗೆ ಹಗುರ ಅನ್ನಿಸುವ ಕೇಬಲ್ ಬೇಡ. ಗೋಡೆ ಕಡೆಯ ಪ್ಲಗ್ ಬಗ್ಗೆಯೂ ಒಂದು ಮಾತು. ನಮ್ಮ ಸಣ್ಣ ಮೂರು ಪಿನ್ 6 ಆಂಪಿಯರ್, ದೊಡ್ಡದು 16. ಪವರ್ ಸಪ್ಲೈ ಲೇಬಲ್ ಮೇಲೆ ಬರೆದಿರುವ ಆಂಪಿಯರ್ 6 ದಾಟಿದ್ದರೆ ದೊಡ್ಡ ಪಿನ್ನಿನದೇ ತನ್ನಿ. ರ್ಯಾಕಿನಲ್ಲಿ ಪಿಡಿಯು, ಅಂದರೆ ಸಾಲು ಸಾಕೆಟ್‌ಗಳ ಪವರ್ ಪಟ್ಟಿ, ಹಾಕಿಸುವುದಾದರೆ ಅದರ ಸಾಕೆಟ್ ನಮ್ಮ ಮೂರು ಪಿನ್ನಿನದೋ ಸಿ13 ನದೋ ನೋಡಿಯೇ ಕೇಬಲ್ ಕೊಳ್ಳಿ. ಸಿ13 ಸಾಕೆಟ್ ಇದ್ದರೆ ಕೇಬಲ್‌ನ ಒಂದು ತುದಿ ಸಿ13, ಇನ್ನೊಂದು ಅದರೊಳಗೆ ಕೂರುವ ಪಿನ್ ಇರುವ ಸಿ14 ಇರಬೇಕು. ಈ ಕೇಬಲ್ ಒಳ್ಳೆಯದು, ಪ್ಲಗ್ ಸಡಿಲವಾಗಿ ನೇತಾಡುವುದಿಲ್ಲ.

ಇನ್ನು ಆಚೆ ತುದಿ. ನಿಮ್ಮಲ್ಲಿ ಒಂದೇ ಯುಪಿಎಸ್ ಇದೆ. ಎರಡೂ ಕೇಬಲ್ ಅದಕ್ಕೇ ಹಾಕಿದರೆ ಯುಪಿಎಸ್ ಕೆಟ್ಟ ದಿನ ಎರಡೂ ಹೋಗುತ್ತವೆ. ಯುಪಿಎಸ್ ಕೆಡುವುದು ಪವರ್ ಸಪ್ಲೈ ಕೆಡುವುದಕ್ಕಿಂತ ಹೆಚ್ಚು ಅನ್ನುವುದು ನನ್ನ ಅನುಭವ. ಅದಕ್ಕೆ ಒಂದು ಕೇಬಲ್ ಯುಪಿಎಸ್‌ಗೆ ಹಾಕಿ. ಇನ್ನೊಂದನ್ನು ಬೇರೆ ಎಂಸಿಬಿಯಿಂದ ಬಂದ ಗೋಡೆ ಸಾಕೆಟ್‌ಗೆ, ನಡುವೆ ಒಳ್ಳೆಯ ಸರ್ಜ್ ಪ್ರೊಟೆಕ್ಟರ್ ಇಟ್ಟು ಹಾಕಿ. ಕರೆಂಟ್ ಹೋದರೆ ಗೋಡೆ ಕಡೆಯದು ಸಾಯುತ್ತದೆ, ಯುಪಿಎಸ್ ಕಡೆಯದು ಇಡೀ ಭಾರ ಹೊರುತ್ತದೆ. ಯುಪಿಎಸ್ ಕೈಕೊಟ್ಟರೆ ಗೋಡೆಯದು ಹೊರುತ್ತದೆ. ಎರಡೂ ಒಟ್ಟಿಗೆ ಕೈಕೊಟ್ಟರೆ ಮಾತ್ರ ಸರ್ವರ್ ಆಫ್.

ಇದಕ್ಕೆ ಒಪ್ಪದವರೂ ಇದ್ದಾರೆ. ಗೋಡೆ ಕರೆಂಟಿನ ಏರಿಳಿತಕ್ಕೆ ಸರ್ವರ್ ಒಡ್ಡಬಾರದು ಅಂತಾರೆ. ಅವರ ಮಾತೂ ಸುಳ್ಳಲ್ಲ. ಈ ಪವರ್ ಸಪ್ಲೈಗಳು 100ರಿಂದ 240 ವೋಲ್ಟ್‌ಗೆ ಮಾಡಿದವು. ನಿಮ್ಮೂರಿನಲ್ಲಿ ರಾತ್ರಿ ಹೊತ್ತು ವೋಲ್ಟೇಜ್ 260 ಮುಟ್ಟುತ್ತದೆ ಅಂತಾದರೆ ಗೋಡೆ ಕಡೆಯ ಲೈನಿಗೆ ಸ್ಟೆಬಿಲೈಸರ್ ಬೇಕೇ ಬೇಕು. ದುಡ್ಡು ಸಿಕ್ಕಿದಾಗ ಎರಡನೇ ಯುಪಿಎಸ್ ತರಿಸಿ, ಆಗ ಈ ಚರ್ಚೆಯೇ ಇರುವುದಿಲ್ಲ.

ಯುಪಿಎಸ್ ಎಷ್ಟು ದೊಡ್ಡದಿರಬೇಕು? ಇಲ್ಲೊಂದು ಲೆಕ್ಕ ಮಾಡಿ. ನಿಮ್ಮ ಸರ್ವರ್ ಕೆಲಸ ಮಾಡುವಾಗ 400 ವ್ಯಾಟ್ ಎಳೆಯುತ್ತದೆ ಅಂದುಕೊಳ್ಳೋಣ. 230 ವೋಲ್ಟ್‌ಗೆ ಅದು ಸುಮಾರು 1.7 ಆಂಪಿಯರ್. ಎರಡೂ ಪವರ್ ಸಪ್ಲೈ ಇದ್ದಾಗ ಪ್ರತಿಯೊಂದೂ ಸುಮಾರು 200 ವ್ಯಾಟ್ ಹೊರುತ್ತದೆ. ಯುಪಿಎಸ್‌ನ ಡಿಸ್‌ಪ್ಲೇಯಲ್ಲಿ ಇದೇ 200 ಕಾಣುತ್ತದೆ. ಅದನ್ನು ನೋಡಿ ಇನ್ನೂ ಜಾಗ ಇದೆ, ಎರಡು ಕಂಪ್ಯೂಟರ್ ಸೇರಿಸೋಣ ಅಂದುಕೊಂಡರೆ ಕೆಟ್ಟಿತು. ಕರೆಂಟ್ ಹೋದ ಕ್ಷಣ ಅದೇ ಯುಪಿಎಸ್ ಮೇಲೆ 400 ಬೀಳುತ್ತದೆ. ಡೆಸ್ಕ್‌ಟಾಪ್‌ಗೆ ಇಡುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಅಷ್ಟೇ ಕೊಡುತ್ತದೆ. ಕೀ ಅಂತ ಒಂದು ಶಬ್ದ ಮಾಡಿ ಆಫ್ ಆಗುತ್ತದೆ. ಅಂಥ ಸಣ್ಣ ಯುಪಿಎಸ್‌ಗಳದ್ದು ಇನ್ನೊಂದು ತೊಂದರೆ ಇದೆ. ಬ್ಯಾಟರಿಯಲ್ಲಿ ಓಡುವಾಗ ಅವು ಶುದ್ಧ ಸೈನ್ ವೇವ್ ಕೊಡುವುದಿಲ್ಲ, ಮೆಟ್ಟಿಲು ಮೆಟ್ಟಿಲಾದ ಅಲೆ ಕೊಡುತ್ತವೆ. ಕೆಲವು ಸರ್ವರ್ ಪವರ್ ಸಪ್ಲೈಗಳಿಗೆ ಅದು ಹಿಡಿಸುವುದಿಲ್ಲ. ಆನ್‌ಲೈನ್ ಯುಪಿಎಸ್, ಅಂದರೆ ಯಾವಾಗಲೂ ಶುದ್ಧ ಸೈನ್ ವೇವ್ ಕೊಡುವ ಬಗೆಯದು, ಇರಲಿ.

ಯುಪಿಎಸ್ ಹಿಂದೆ ಒಂದು ಯುಎಸ್‌ಬಿ ಪೋರ್ಟ್ ಇದ್ದರೆ ಅದರಿಂದ ಸರ್ವರ್‌ಗೆ ಒಂದು ಕೇಬಲ್ ಎಳೆಯಿರಿ. ಇದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬ್ಯಾಟರಿ ಮುಗಿಯುತ್ತಾ ಬಂತು ಅಂತ ಯುಪಿಎಸ್ ಸರ್ವರ್‌ಗೆ ಹೇಳುವುದು ಈ ಕೇಬಲ್‌ನಲ್ಲೇ. ಲಿನಕ್ಸ್ ಹಾಕುವುದಾದರೆ ನಟ್ ಅನ್ನುವ ಉಚಿತ ತಂತ್ರಾಂಶ ಇದನ್ನು ಕೇಳಿಸಿಕೊಂಡು ಸರ್ವರನ್ನು ಸರಿಯಾಗಿ ಶಟ್‌ಡೌನ್ ಮಾಡುತ್ತದೆ. ರಾತ್ರಿ 2 ಗಂಟೆಗೆ ನೀವು ಅಲ್ಲಿ ಇರುವುದಿಲ್ಲ, ಅಲ್ವಾ?

ಈಗ ನನಗೆ ಆದದ್ದೊಂದು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಕಚೇರಿಯಲ್ಲಿ ಸರ್ವರ್‌ಗೆ ಮೆಮೊರಿ ಸೇರಿಸುವ ಕೆಲಸ ಇತ್ತು. ಅದಕ್ಕೆ ಆಫ್ ಮಾಡಲೇಬೇಕು, ಸಂಜೆ 6ಕ್ಕೆ ಅಂತ ಮಾತಾಗಿತ್ತು. ನಾನು ಮಧ್ಯಾಹ್ನವೇ ಹೋಗಿದ್ದೆ. ರೈಲು, ಅಂದರೆ ರ್ಯಾಕಿನಲ್ಲಿ ಸರ್ವರ್ ಕೂತು ಜಾರುವ ಪಟ್ಟಿ, ಸರಿಯಾಗಿ ಜಾರುತ್ತದಾ ನೋಡೋಣ ಅಂತ ಓಡುತ್ತಿದ್ದ ಸರ್ವರನ್ನೇ ಮುಂದಕ್ಕೆ ಒಂದೂವರೆ ಅಡಿ ಎಳೆದೆ. ಹಿಂದೆ ಒಂದು ಪವರ್ ಕೇಬಲ್ ಗಿಡ್ಡ ಇತ್ತು. ಅದು ಕಳಚಿಕೊಂಡಿತು. ಇನ್ನೊಂದು ಇದೆಯಲ್ಲ ಅಂತ ಧೈರ್ಯ. ಫ್ಯಾನ್ ಶಬ್ದ ನಿಂತಾಗಲೇ ಗೊತ್ತಾದದ್ದು, ಆ ಇನ್ನೊಂದು ಸತ್ತು ಮೂರು ವಾರ ಆಗಿತ್ತು ಅಂತ. ಹಿಂದುಗಡೆ ಕಿತ್ತಳೆ ದೀಪ ಮಿಣುಕುತ್ತಾ ಇತ್ತು. ರ್ಯಾಕ್‌ನ ಹಿಂಬಾಗಿಲು ಗೋಡೆಗೆ ಒಂದಡಿ ದೂರ, ಅಲ್ಲಿಗೆ ಯಾರು ಹೋಗುತ್ತಾರೆ? ಹೊರಗೆ ಕೌಂಟರ್‌ನಲ್ಲಿ ಜನ ಸಾಲು ನಿಂತಿದ್ದರು. ಅವತ್ತು ಕೇಳಿದ ಬೈಗುಳ ಇನ್ನೂ ನೆನಪಿದೆ.

ಎರಡು ಪವರ್ ಸಪ್ಲೈ ಇದ್ದಾಗ ಮೊದಲನೆಯದು ಸತ್ತರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಎಲ್ಲ ನಡೆಯುತ್ತಲೇ ಇರುತ್ತದೆ. ಯಾರಾದರೂ ಹೇಳಬೇಕು. ಹೇಳುವುದಕ್ಕೆ ಇರುವುದೇ ಆ ಐಡ್ರ್ಯಾಕ್ ಪೋರ್ಟ್.

ಐಡ್ರ್ಯಾಕ್ ಅಂದರೆ ಸರ್ವರ್ ಒಳಗೆ ಕೂತಿರುವ ಇನ್ನೊಂದು ಪುಟ್ಟ ಕಂಪ್ಯೂಟರ್. ಎಚ್‌ಪಿಯವರು ಇದನ್ನು ಐಲೋ ಅಂತಾರೆ, ಲೆನೊವೊದವರು ಎಕ್ಸ್‌ಸಿಸಿ ಅಂತಾರೆ, ಸೂಪರ್‌ಮೈಕ್ರೋ ಇಟ್ಟುಕೊಂಡವರು ಐಪಿಎಂಐ ಅಂತಲೇ ಕರೆಯುತ್ತಾರೆ. ಪವರ್ ಕೇಬಲ್ ಹಾಕಿದ ತಕ್ಷಣ ಇದು ಏಳುತ್ತದೆ. ಸರ್ವರ್‌ನ ಬಟನ್ ಒತ್ತುವುದೇ ಬೇಡ. ಸರ್ವರ್ ಆಫ್ ಇದ್ದರೂ, ಡಿಸ್ಕ್ ಸತ್ತಿದ್ದರೂ, ಆಪರೇಟಿಂಗ್ ಸಿಸ್ಟಮ್ ಹಾಕದೇ ಇದ್ದರೂ ಇದು ಮಾತಾಡುತ್ತದೆ. ಮನೆಯಲ್ಲಿ ಕೂತು ಸರ್ವರ್ ಆನ್ ಮಾಡಬಹುದು, ಯಾವ ಫ್ಯಾನ್ ಎಷ್ಟು ತಿರುಗುತ್ತಿದೆ ನೋಡಬಹುದು, ಪವರ್ ಸಪ್ಲೈ ಸತ್ತರೆ ಇಮೇಲ್ ಬರುವಂತೆ ಮಾಡಬಹುದು. ಒಂದು ವಿಷಯ ಮೊದಲೇ ತಿಳಿದಿರಲಿ. ಮಾನಿಟರ್ ಮುಂದೆ ಕೂತ ಹಾಗೆ ಸ್ಕ್ರೀನ್ ನೋಡುವ ವರ್ಚುವಲ್ ಕನ್ಸೋಲ್ ಬೇಕಾದರೆ ಎಂಟರ್‌ಪ್ರೈಸ್ ಲೈಸೆನ್ಸ್ ಇರಬೇಕು. ನಿಮ್ಮ ಮೆಷಿನ್‌ನಲ್ಲಿ ಯಾವುದಿದೆ ಅಂತ ಐಡ್ರ್ಯಾಕ್ ಪುಟದಲ್ಲೇ ಕಾಣುತ್ತದೆ. ಬರೀ ಎಕ್ಸ್‌ಪ್ರೆಸ್ ಲೈಸೆನ್ಸ್ ಇದ್ದರೆ ಇಮೇಲ್, ಆನ್-ಆಫ್ ಎಲ್ಲ ಸಿಗುತ್ತದೆ. ಸ್ಕ್ರೀನ್‌ಗೆ ಮಾತ್ರ ಮಾನಿಟರ್ ಹಾಕಬೇಕು.

ಇದಕ್ಕೆ ಹಾಕುವುದು ಮಾಮೂಲಿ ಲ್ಯಾನ್ ಕೇಬಲ್ಲೇ. ಮೊದಲ ದಿನ ಅದನ್ನು ಸ್ವಿಚ್‌ಗೆ ಹಾಕಬೇಡಿ, ನೇರ ನಿಮ್ಮ ಲ್ಯಾಪ್‌ಟಾಪ್‌ಗೆ ಹಾಕಿ. ಐಡ್ರ್ಯಾಕ್‌ಗೆ ಕಾರ್ಖಾನೆಯಲ್ಲಿ ಕೊಟ್ಟ ವಿಳಾಸ 192.168.0.120. ಲ್ಯಾಪ್‌ಟಾಪ್‌ಗೆ 192.168.0.10 ಅಂತ ಕೈಯಾರೆ ಕೊಟ್ಟು ಬ್ರೌಸರ್‌ನಲ್ಲಿ ಆ ವಿಳಾಸ ತೆರೆಯಿರಿ. ನೇರ ಸ್ವಿಚ್‌ಗೆ ಹಾಕಿದರೆ ಏನಾಗುತ್ತದೆ? ಲ್ಯಾಬಿನಲ್ಲೂ 192.168.0 ಸರಣಿಯೇ ಇದ್ದು, ಯಾವುದೋ ಕಂಪ್ಯೂಟರ್‌ಗೆ 120 ಹೋಗಿದ್ದರೆ ಎರಡೂ ಜಗಳಕ್ಕೆ ಬೀಳುತ್ತವೆ. ಒಮ್ಮೆ ತೆರೆಯುತ್ತದೆ, ಒಮ್ಮೆ ಇಲ್ಲ. ಅರ್ಧ ದಿನ ಹೋಗುತ್ತದೆ.

ಬಳಕೆದಾರರ ಹೆಸರು ರೂಟ್ (root). ಪಾಸ್‌ವರ್ಡ್‌ಗೆ ಸರ್ವರ್ ಮುಂಭಾಗದಲ್ಲಿ ಎಳೆದರೆ ಹೊರಬರುವ ಒಂದು ಸಣ್ಣ ಪಟ್ಟಿ ಇದೆ, ಅದರ ಮೇಲೆ ನೋಡಿ. ಅಲ್ಲಿ ಬರೆದಿಲ್ಲದಿದ್ದರೆ ಡೆಲ್‌ನ ಹಳೆಯ ಪಾಸ್‌ವರ್ಡ್ ಕ್ಯಾಲ್ವಿನ್ (calvin), ಎಲ್ಲ ಸಣ್ಣಕ್ಷರ. ಎರಡೂ ಹೋಗದಿದ್ದರೆ ಹಿಂದಿನ ಮಾಲೀಕರು ಬದಲಾಯಿಸಿದ್ದಾರೆ ಅಂತ ಅರ್ಥ. ಆಗ ಮಾನಿಟರ್, ಕೀಬೋರ್ಡ್ ಹಾಕಿ, ಆನ್ ಆಗುವಾಗ ಎಫ್2 ಒತ್ತಿ, ಐಡ್ರ್ಯಾಕ್ ಸೆಟ್ಟಿಂಗ್ಸ್ ಒಳಗೆ ಹೋಗಿ ಡಿಫಾಲ್ಟ್‌ಗೆ ತನ್ನಿ. ನಿಜ ಹೇಳಬೇಕೆಂದರೆ ಸೆಕೆಂಡ್ ಹ್ಯಾಂಡ್ ಸರ್ವರ್‌ಗೆ ಪಾಸ್‌ವರ್ಡ್ ಗೊತ್ತಿದ್ದರೂ ಇದನ್ನು ಮಾಡುವುದೇ ಒಳ್ಳೆಯದು. ಹಿಂದಿನವರ ಇಮೇಲ್ ವಿಳಾಸ ಒಳಗೇ ಉಳಿದಿರಬಹುದು. ನಿಮ್ಮ ಫ್ಯಾನ್ ಕೆಟ್ಟ ಸುದ್ದಿ ಅವರಿಗೆ ಹೋಗುವುದು ಬೇಡ.

ಆರ್740ರ ಮುಂದೆ, ಪವರ್ ಬಟನ್ ಇರುವ ಬಲಗಡೆ, ಒಂದು ಮೈಕ್ರೋ ಯುಎಸ್‌ಬಿ ತೂತೂ ಇದೆ. ಹಳೆಯ ಮೊಬೈಲ್ ಚಾರ್ಜರ್ ಕೇಬಲ್ ಸಾಕು, ಆದರೆ ಡೇಟಾ ಹೋಗುವಂಥದ್ದು ಇರಬೇಕು, ಮೂರಡಿಗಿಂತ ಉದ್ದ ಬೇಡ. ಅದನ್ನು ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ಬ್ರೌಸರ್‌ನಲ್ಲಿ 169.254.0.3 ತೆರೆದರೆ ಐಡ್ರ್ಯಾಕ್ ಬರುತ್ತದೆ. ಹಿಂದುಗಡೆ ಲ್ಯಾನ್ ಕೇಬಲ್ ಹಾಕಿರಲೇಬೇಕು ಅಂತಿಲ್ಲ. ರ್ಯಾಕ್ ಹಿಂದೆ ತೂರಲು ಜಾಗ ಇಲ್ಲದ ಕಡೆ ಇದು ನನ್ನ ಜೀವ ಉಳಿಸಿದೆ.

ಪಾಸ್‌ವರ್ಡ್ ಬದಲಾಯಿಸಿ, ನಿಮ್ಮ ಲೆಕ್ಕದ ವಿಳಾಸ ಕೊಟ್ಟಾದ ಮೇಲೆ ಐಡ್ರ್ಯಾಕ್ ಕೇಬಲ್ ಎಲ್ಲಿಗೆ? ಇಲ್ಲೂ ಆಚೆ ತುದಿಯದೇ ಪ್ರಶ್ನೆ. ಲ್ಯಾಬ್ ಮಕ್ಕಳ ಕಂಪ್ಯೂಟರ್‌ಗಳಿರುವ ನೆಟ್‌ವರ್ಕ್‌ಗೆ ಹಾಕಬೇಡಿ. ಇಂಟರ್‌ನೆಟ್‌ನಿಂದ ನೇರ ಸಿಗುವ ಹಾಗಂತೂ ಖಂಡಿತ ಬೇಡ. ಈ ಪುಟ್ಟ ಕಂಪ್ಯೂಟರ್ ಕೈಗೆ ಸಿಕ್ಕರೆ ಇಡೀ ಸರ್ವರ್ ಕೈಗೆ ಸಿಕ್ಕ ಹಾಗೆ. ಅದೂ ಸರ್ವರ್‌ಗೆ ಗೊತ್ತಾಗದ ಹಾಗೆ. ಐಪಿಎಂಐ ಅನ್ನುವುದು ಇಂಥ ಪುಟ್ಟ ಕಂಪ್ಯೂಟರ್‌ಗಳ ಜೊತೆ ಮಾತಾಡುವ ನಿಯಮದ ಹೆಸರೂ ಹೌದು. ಐಪಿಎಂಐ 2.0 ನಿಯಮದಲ್ಲೇ ಒಂದು ದೋಷ ಇದೆ. ಲಾಗಿನ್ ಮಾಡುವ ಮೊದಲೇ ಪಾಸ್‌ವರ್ಡ್‌ನ ಹ್ಯಾಶ್, ಅಂದರೆ ಅದನ್ನು ಕಲಸಿಟ್ಟ ರೂಪವನ್ನು, ಕೇಳಿದವರಿಗೆ ಕೊಟ್ಟುಬಿಡುತ್ತದೆ. 2013ರಲ್ಲಿ ಇದು ಬೆಳಕಿಗೆ ಬಂತು. ನಿಯಮದಲ್ಲೇ ಇರುವುದರಿಂದ ಅಪ್‌ಡೇಟ್ ಹಾಕಿದರೆ ಹೋಗುವಂಥದ್ದಲ್ಲ. ಐಪಿಎಂಐ ಓವರ್ ಲ್ಯಾನ್ ಅನ್ನುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ, ಅದನ್ನು ಆಫ್ ಇಡಿ. ಬ್ರೌಸರ್‌ನಿಂದ ನೋಡಲು ಅದು ಬೇಕಾಗಿಲ್ಲ.

ನಿಮ್ಮ ಸ್ವಿಚ್ ಮ್ಯಾನೇಜ್ಡ್, ಅಂದರೆ ಒಳಗೆ ಹೋಗಿ ಸೆಟ್ಟಿಂಗ್ ಮಾಡುವಂಥದ್ದು, ಆಗಿದ್ದರೆ ಐಡ್ರ್ಯಾಕ್‌ಗೆ ಒಂದು ಬೇರೆ ವಿಲ್ಯಾನ್ ಮಾಡಿ, ಅಂದರೆ ಅದೇ ಸ್ವಿಚ್‌ನಲ್ಲಿ ಬೇರೆಯಾಗಿ ನಿಲ್ಲುವ ನೆಟ್‌ವರ್ಕ್. ಸಾದಾ ಸ್ವಿಚ್ ಆಗಿದ್ದರೆ ಐದು ಪೋರ್ಟಿನ ಒಂದು ಪುಟ್ಟ ಸ್ವಿಚ್ ಬೇರೆಯೇ ಇಟ್ಟು, ಅದಕ್ಕೆ ಐಡ್ರ್ಯಾಕ್, ಯುಪಿಎಸ್‌ನ ನೆಟ್‌ವರ್ಕ್ ಕಾರ್ಡ್ ಇದ್ದರೆ ಅದು, ನಿಮ್ಮ ಒಂದು ಕಂಪ್ಯೂಟರ್, ಇಷ್ಟನ್ನೇ ಸೇರಿಸಿ. ಇಮೇಲ್ ಬರಬೇಕಾದರೆ ಕಾಲೇಜಿನ ರೂಟರ್‌ನಿಂದ ಅದಕ್ಕೆ ಹೊರಗೆ ಹೋಗುವ ದಾರಿ ಮಾತ್ರ ಕೊಡಿ, ಒಳಗೆ ಬರುವ ದಾರಿ ಬೇಡ. ಕೆಲವರು ಪೋರ್ಟ್ ಉಳಿಸಲು ಐಡ್ರ್ಯಾಕನ್ನು ಮಾಮೂಲಿ ಲ್ಯಾನ್ ಪೋರ್ಟ್ ಒಂದರ ಮೇಲೇ ಹಂಚಿಕೊಳ್ಳುವ ಹಾಗೆ ಇಡುತ್ತಾರೆ. ಅದಕ್ಕೆ ಅವಕಾಶ ಇದೆ, ನನಗೆ ಇಷ್ಟವಿಲ್ಲ. ಅಂದಹಾಗೆ ಸೂಪರ್‌ಮೈಕ್ರೋ ಸರ್ವರ್‌ಗಳಲ್ಲಿ ಇದು ತಾನಾಗಿಯೇ ಆಗಬಹುದು. ಫೇಲ್‌ಓವರ್ ಅನ್ನುವ ಸೆಟ್ಟಿಂಗ್ ಇದ್ದು, ಐಪಿಎಂಐ ಪೋರ್ಟಿಗೆ ಕೇಬಲ್ ಹಾಕದೆ ಪವರ್ ಕೊಟ್ಟರೆ ಅದು ಮೊದಲನೇ ಲ್ಯಾನ್ ಪೋರ್ಟ್ ಹಿಡಿದುಕೊಳ್ಳುತ್ತದೆ. ನಾವು ಕೇಬಲ್ಲೇ ಹಾಕಿಲ್ಲ, ಯಾರಿಗೂ ಸಿಗುವುದಿಲ್ಲ ಅಂದುಕೊಂಡಿರುತ್ತೇವೆ. ಅದು ಆಗಲೇ ಲ್ಯಾಬ್ ನೆಟ್‌ವರ್ಕಿನಲ್ಲಿ ಕೂತಿರುತ್ತದೆ.

ಉಳಿದ ನಾಲ್ಕು ಪೋರ್ಟ್. ಲ್ಯಾನ್ ಕೇಬಲ್ ಹೋಗದ ಆ ಎರಡು ಎಸ್‌ಎಫ್‌ಪಿ ಪ್ಲಸ್ ಪೋರ್ಟ್‌ಗಳಿರಬೇಕು, 10 ಗಿಗಾಬಿಟ್‌ನವು. ನಿಮ್ಮ ಸ್ವಿಚ್‌ನಲ್ಲಿ ಅಂಥದೇ ಪೋರ್ಟ್ ಇಲ್ಲದಿದ್ದರೆ ಅವುಗಳನ್ನು ಮರೆತುಬಿಡಿ, ರಬ್ಬರ್ ಮುಚ್ಚಳ ಹಾಗೇ ಇರಲಿ. ಇದ್ದರೆ, ಒಂದೇ ರ್ಯಾಕ್ ಒಳಗೆ ಫೈಬರ್ ಬೇಕಿಲ್ಲ. ಡಿಎಸಿ ಅಂತ ಎರಡೂ ಕಡೆ ತಲೆ ಕಟ್ಟಿಕೊಂಡೇ ಬರುವ ತಾಮ್ರದ ಕೇಬಲ್ ಸಿಗುತ್ತದೆ. ಎರಡು-ಮೂರು ಮೀಟರ್‌ಗೆ ಅದೇ ಅಗ್ಗ, ಅದೇ ಗಟ್ಟಿ. ಕೊಳ್ಳುವ ಮೊದಲು ನಿಮ್ಮ ಸ್ವಿಚ್ ಅದನ್ನು ಒಪ್ಪುತ್ತದಾ ಕೇಳಿ, ಬೇರೆ ಕಂಪನಿಯ ಕೇಬಲ್ ಅಂದರೆ ಮುಖ ತಿರುಗಿಸುವ ಸ್ವಿಚ್‌ಗಳಿವೆ. ತೆಗೆಯುವಾಗ ತುದಿಯಲ್ಲಿರುವ ಎಳೆಯುವ ಪಟ್ಟಿ ಹಿಡಿದು ತೆಗೆಯಿರಿ. ಕೇಬಲ್ ಹಿಡಿದು ಜಗ್ಗಿದರೆ ಲಾಕ್ ಬಿಡದೆ ಪೋರ್ಟೇ ಹಾಳಾಗುತ್ತದೆ. ಮುಂದೆ ಯಾವತ್ತಾದರೂ ಫೈಬರ್ ಹಾಕಿದರೆ ಅದರ ತುದಿಗೆ ಕಣ್ಣಿಟ್ಟು ಬೆಳಕು ಬರುತ್ತಾ ಅಂತ ನೋಡಬೇಡಿ. ಆ ಲೇಸರ್ ಕಣ್ಣಿಗೆ ಕಾಣದ ಬೆಳಕು.

ಇನ್ನೆರಡಕ್ಕೆ ಮಾಮೂಲಿ ಕ್ಯಾಟ್6. ಕೈಯಲ್ಲಿ ಕ್ರಿಂಪ್ ಮಾಡಿದ್ದು ಬೇಡ, ರೆಡಿಮೇಡ್ ಪ್ಯಾಚ್ ಕಾರ್ಡ್ ತನ್ನಿ. ಸುಮ್ನೆ ಹೇಳುತ್ತಿಲ್ಲ. 1 ಗಿಗಾಬಿಟ್‌ಗೆ ಎಂಟೂ ತಂತಿ ಬೇಕು. ಒಂದು ಜೋಡಿ ಸಡಿಲ ಇದ್ದರೂ ಎರಡೂ ಕಡೆಯವು ಸದ್ದಿಲ್ಲದೆ 100 ಮೆಗಾಬಿಟ್‌ಗೆ ಇಳಿದು ಕೆಲಸ ಮಾಡುತ್ತಾ ಇರುತ್ತವೆ. ಪೋರ್ಟಿನ ದೀಪ ಇದನ್ನು ಹೇಳುತ್ತದೆ. ಈ ಸರ್ವರ್‌ನಲ್ಲಿ ಲಿಂಕ್ ದೀಪ ಹಸಿರಿದ್ದರೆ ಪೂರ್ತಿ ವೇಗ, ಕಿತ್ತಳೆ ಇದ್ದರೆ ಕಡಿಮೆ ವೇಗ. ಪವರ್ ಸಪ್ಲೈನಲ್ಲಿ ಕಿತ್ತಳೆ ಮಿಣುಕಿದರೆ ತೊಂದರೆ, ಇಲ್ಲಿ ಕಿತ್ತಳೆ ಇದ್ದರೆ ಬರೀ ನಿಧಾನ. ಗೊಂದಲ ಮಾಡಿಕೊಳ್ಳಬೇಡಿ.

ಎರಡು ಕೇಬಲ್ ಹಾಕಿದ ಮೇಲೆ ಅವೆರಡನ್ನೂ ಒಂದು ಮಾಡುವ ಕೆಲಸ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಮಾಡಬೇಕು. ಬಾಂಡಿಂಗ್ ಅಂತಾರೆ. ನಿಮಗೆ ಆಕ್ಟಿವ್-ಬ್ಯಾಕಪ್ ಅನ್ನುವ ಬಗೆ ಸಾಕು. ಒಂದು ಕೆಲಸ ಮಾಡುತ್ತದೆ, ಇನ್ನೊಂದು ಕಾಯುತ್ತದೆ. ಇದಕ್ಕೆ ಸ್ವಿಚ್‌ನಲ್ಲಿ ಏನೂ ಮಾಡಬೇಕಾಗಿಲ್ಲ. ಎರಡೂ ಕೇಬಲ್ಲನ್ನು ಒಟ್ಟಿಗೆ ದುಡಿಸುವ ಎಲ್‌ಎಸಿಪಿ ಅಂತ ಯಾರಾದರೂ ಹೇಳಿದರೆ ಅದಕ್ಕೆ ಮ್ಯಾನೇಜ್ಡ್ ಸ್ವಿಚ್ ಬೇಕು, ಅಲ್ಲೂ ಸೆಟ್ಟಿಂಗ್ ಮಾಡಬೇಕು. ಬಾಂಡಿಂಗ್ ಬದಲು ಎರಡೂ ಪೋರ್ಟನ್ನು ಒಂದೇ ಬ್ರಿಡ್ಜ್‌ಗೆ, ಅಂದರೆ ಸರ್ವರ್ ಒಳಗಿನ ತಂತ್ರಾಂಶದ ಸ್ವಿಚ್‌ಗೆ, ಸೇರಿಸುವ ತಪ್ಪು ಮಾತ್ರ ಮಾಡಬೇಡಿ. ಸಾದಾ ಸ್ವಿಚ್ ಆದರೆ ಲೂಪ್ ಆಗಿ ಇಡೀ ಕಾಲೇಜಿನ ನೆಟ್‌ವರ್ಕ್ ಮಲಗುತ್ತದೆ. ಎಲ್ಲ ದೀಪಗಳೂ ಹುಚ್ಚು ಹಿಡಿದ ಹಾಗೆ ಒಟ್ಟಿಗೆ ಮಿಣುಕುತ್ತವೆ, ಯಾರಿಗೂ ಏನೂ ತೆರೆಯುವುದಿಲ್ಲ.

ನಿಮ್ಮ ಸ್ವಿಚ್ ಒಂದೇ ಆದ್ದರಿಂದ ಎರಡನೇ ಕೇಬಲ್‌ನಿಂದ ಕಾಪಾಡಿಕೊಂಡದ್ದು ಕೇಬಲ್ ಮತ್ತು ಪೋರ್ಟನ್ನು ಮಾತ್ರ. ಅಷ್ಟಕ್ಕಾದರೂ ಇರಲಿ. ಅದಕ್ಕಿಂತ ಮುಖ್ಯವಾದದ್ದು, ಆ ಸ್ವಿಚ್‌ಗೆ ಕರೆಂಟ್ ಎಲ್ಲಿಂದ ಬರುತ್ತಿದೆ? ಸರ್ವರ್‌ಗೆ ಎರಡು ದಾರಿ ಮಾಡಿ, ಸ್ವಿಚ್ಚನ್ನು ಗೋಡೆಗೆ ಹಾಕಿದವರು ಬಹಳ ಜನ. ಕರೆಂಟ್ ಹೋದಾಗ ಸರ್ವರ್ ಗುಂಯ್ ಅಂತ ಓಡುತ್ತಲೇ ಇರುತ್ತದೆ, ಅದನ್ನು ಮುಟ್ಟಲು ಯಾರಿಗೂ ಆಗುವುದಿಲ್ಲ. ಸ್ವಿಚ್, ರೂಟರ್, ಐಡ್ರ್ಯಾಕ್‌ನ ಆ ಪುಟ್ಟ ಸ್ವಿಚ್, ಮೂರಕ್ಕೂ ಒಂದೊಂದೇ ಪವರ್ ಕೇಬಲ್ ಇರುತ್ತದೆ. ಆ ಒಂದು ಯುಪಿಎಸ್‌ಗೇ ಹೋಗಲಿ.

ಹಾಕುವ ಕ್ರಮ ಕೇಳಿದಿರಿ. ಮೊದಲು ರೈಲಿಗೆ ಸರ್ವರ್ ಕೂರಿಸಿ, ಆಮೇಲೆ ಲ್ಯಾನ್, ಐಡ್ರ್ಯಾಕ್, ಮಾನಿಟರ್ ಕೇಬಲ್‌ಗಳು, ಕೊನೆಗೆ ಪವರ್. ಪವರ್ ಕೇಬಲ್‌ನಲ್ಲೂ ಸರ್ವರ್ ಕಡೆಯ ತುದಿ ಮೊದಲು, ಗೋಡೆ ಕಡೆಯದು ಆಮೇಲೆ. ಸಿ13 ತುದಿಯನ್ನು ಪೂರ್ತಿ ಒಳಗೆ ಹೋಗುವವರೆಗೆ ಒತ್ತಿ. ಮುಕ್ಕಾಲು ಹೋದರೂ ದೀಪ ಹತ್ತುತ್ತದೆ, ಒಂದು ತಿಂಗಳಾದ ಮೇಲೆ ತಾನೇ ಬಿಟ್ಟುಕೊಳ್ಳುತ್ತದೆ. ಪವರ್ ಸಪ್ಲೈ ಹಿಡಿಯ ಹತ್ತಿರ ವೆಲ್ಕ್ರೋ ಪಟ್ಟಿ ಇದ್ದರೆ ಕೇಬಲ್ಲನ್ನು ಬಳಸಿ ಅದರಿಂದ ಕಟ್ಟಿ. ಪವರ್ ಕೊಟ್ಟ ಕೂಡಲೇ ಬಟನ್ ಒತ್ತುವ ಅವಸರ ಬೇಡ. ಐಡ್ರ್ಯಾಕ್ ಎದ್ದು ಕಣ್ಣುಜ್ಜಿಕೊಳ್ಳಲು ಒಂದೆರಡು ನಿಮಿಷ ಬೇಕು.

ಕೇಬಲ್ ಕಟ್ಟುವುದು: ಹಿಂದಿನಿಂದ ನೋಡಿದಾಗ ಪವರ್ ಎಲ್ಲ ಬಲಕ್ಕೆ, ಲ್ಯಾನ್ ಎಲ್ಲ ಎಡಕ್ಕೆ. ಪ್ಲಾಸ್ಟಿಕ್ ಟೈ ಬೇಡ, ವೆಲ್ಕ್ರೋ ಬಳಸಿ. ಸರ್ವರ್ ಬಿಸಿಗಾಳಿ ಬಿಡುವುದು ಹಿಂದಕ್ಕೆ, ಕೇಬಲ್ ಗಂಟನ್ನು ಅದಕ್ಕೆ ಅಡ್ಡ ಇಡಬೇಡಿ. ಸರ್ವರ್ ಮುಂದಕ್ಕೆ ಎಳೆದರೂ ಕಳಚದಷ್ಟು ಸಡಿಲ ಬಿಡಿ. ಒಂದು ಗಿಡ್ಡ ಕೇಬಲ್ ಏನು ಮಾಡಿತು ಅಂತ ಆಗಲೇ ಹೇಳಿದೆನಲ್ಲ. ಕೇಬಲ್ ಹೊರುವ ಮಡಚುವ ತೋಳು ಸಿಗುತ್ತದೆ, ಒಂದು ಸರ್ವರ್‌ಗೆ ಅದು ದುಡ್ಡು ದಂಡ. ಲೇಬಲ್ ಎರಡೂ ತುದಿಗೆ ಅಂಟಿಸಿ. ಒಂದೇ ತುದಿಗೆ ಅಂಟಿಸಿದ್ದು ಕೆಲಸಕ್ಕೆ ಬರುವುದಿಲ್ಲ, ನೀವು ಎಳೆಯುವುದು ಯಾವಾಗಲೂ ಲೇಬಲ್ ಇಲ್ಲದ ತುದಿಯನ್ನೇ.

ಎಲ್ಲ ಆದ ಮೇಲೆ, ಮಕ್ಕಳ ಡೇಟಾ ಅದರೊಳಗೆ ಹೋಗುವ ಮೊದಲು, ರಜೆ ಇರುವ ದಿನ ಒಂದು ಗಂಟೆ ಇಟ್ಟುಕೊಳ್ಳಿ. ಲ್ಯಾಪ್‌ಟಾಪ್‌ನಿಂದ ಸರ್ವರ್‌ಗೆ ಪಿಂಗ್ ಬಿಟ್ಟು, ಅಂದರೆ ಇದ್ದೀಯಾ ಅಂತ ಕೇಳುತ್ತಲೇ ಇರುವ ಕಮಾಂಡ್ ಓಡಿಸಿ, ಯುಪಿಎಸ್ ಕಡೆಯ ಪವರ್ ಪ್ಲಗ್ ಎಳೆಯಿರಿ. ಪಿಂಗ್ ನಡೆಯುತ್ತಿರಬೇಕು, ಐಡ್ರ್ಯಾಕ್‌ನಲ್ಲಿ ಪವರ್ ರಿಡಂಡನ್ಸಿ, ಅಂದರೆ ಎರಡನೇ ದಾರಿಯ ಆಸರೆ, ಹೋಯಿತು ಅಂತ ಬರಬೇಕು, ನಿಮ್ಮ ಫೋನಿಗೆ ಇಮೇಲ್ ಬರಬೇಕು. ಮತ್ತೆ ಸಿಕ್ಕಿಸಿ, ದೀಪ ಹಸಿರಾಗುವವರೆಗೆ ಕಾದು, ಇನ್ನೊಂದನ್ನು ಎಳೆಯಿರಿ. ಆಮೇಲೆ ಲ್ಯಾನ್ ಕೇಬಲ್ ಒಂದೊಂದಾಗಿ. ಯಾವ ಪೋರ್ಟಿಗೆ ಲಿನಕ್ಸ್ ಏನು ಹೆಸರಿಟ್ಟಿದೆ ಗೊತ್ತಾಗದಿದ್ದರೆ ಈಥ್‌ಟೂಲ್ ಕಮಾಂಡ್‌ಗೆ ಮೈನಸ್ ಪಿ (ethtool -p) ಅಂತ ಹಾಕಿ ಆ ಹೆಸರು ಕೊಡಿ, ಆ ಪೋರ್ಟಿನ ದೀಪ ಮಿಣುಕಿ ತಾನು ಇಲ್ಲಿದ್ದೇನೆ ಅನ್ನುತ್ತದೆ. ಕೊನೆಯದಾಗಿ ಆ ಗೋಡೆ ಲೈನುಗಳ ಎಂಸಿಬಿ, ಯುಪಿಎಸ್‌ಗೆ ಕರೆಂಟ್ ಕೊಡುವುದನ್ನೂ ಸೇರಿಸಿ, ಇಳಿಸಿ ಹತ್ತು ನಿಮಿಷ ಹಾಗೇ ಬಿಡಿ. ಪಿಂಗ್ ಎಲ್ಲಾದರೂ ನಿಂತರೆ, ಯಾವುದನ್ನು ಎಳೆದಾಗ ನಿಂತಿತು ಮತ್ತು ಅದರ ಇನ್ನೊಂದು ತುದಿ ಎಲ್ಲಿತ್ತು ಅಂತ ಬರೆದು ಕಳಿಸಿ, ನೋಡೋಣ.